ಮೇಸ್ತ್ರಮ್ಮನ ಇನ್ನೊಂದು ಹೆಸರು

ನನ್ನ ಪಿಎಚ್‌.ಡಿ. ವಿಷಯ ಕೇಳಿದವರೆಲ್ಲ ಒಮ್ಮೆ ನಕ್ಕು ಮಾತು ಬದಲಿಸುತ್ತಿದ್ದರು. ಸಕಲೇಶಪುರದ ಕಾಫಿ ತೋಟಗಳಲ್ಲಿ ಅಸ್ಸಾಮಿನ ಕೆಲಸಗಾರರೂ ಇಲ್ಲಿನವರೂ ಸೇರಿ ಕಟ್ಟಿಕೊಂಡಿರುವ ಭಾಷೆ, ಅದೇ ನನ್ನ ಸಂಶೋಧನೆ. ಹೊಂಗಡಹಳ್ಳದ ಆ ಹೆಂಗಸು ಸಿಗದಿದ್ದರೆ ನಾನೂ ನಕ್ಕು ಕೈಬಿಡುತ್ತಿದ್ದೆನೇನೋ. ಅರವತ್ತು ದಾಟಿದ್ದ ಅವರು ಹಣ್ಣು ಕೊಯ್ಯುವವರ ಮೇಸ್ತ್ರಿ. ಎಸ್ಟೇಟಿನಲ್ಲಿ ಎಲ್ಲರ ಬಾಯಲ್ಲೂ ಮೇಸ್ತ್ರಮ್ಮ. ಅರ್ಧ ಕನ್ನಡ, ಕಾಲು ಹಿಂದಿ, ಮಿಕ್ಕಿದ್ದು ಅಸ್ಸಾಮಿ ಬೆರೆಸಿ ಕೆಲಸ ತೆಗೆಯುತ್ತಿದ್ದರು. ಬೈಗುಳ ಮಾತ್ರ ಅಚ್ಚಗನ್ನಡ. ಮೂರು ಕೊಯ್ಲು ಅವರ ಬೆನ್ನು ಹತ್ತಿ ಮಾತು ರೆಕಾರ್ಡ್ ಮಾಡಿದೆ. ಪ್ರಬಂಧದ ಒಂದು ಇಡೀ ಅಧ್ಯಾಯ ಅವರದೇ.

ಆಗ ಬಂತು ನಿಯಮ. ನಮ್ಮ ವಿಭಾಗದ ಜೊತೆ ಕೈಜೋಡಿಸಿದ್ದ ವಿದೇಶದ ವಿಶ್ವವಿದ್ಯಾಲಯದವರು, ಮಾತಾಡಿದ ಯಾರ ನಿಜವಾದ ಹೆಸರೂ ಪ್ರಬಂಧದಲ್ಲಿ ಇರಕೂಡದು ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಹೋದಾಗ ಇದನ್ನು ಹೇಳಿದೆ. ಮೇಸ್ತ್ರಮ್ಮನ ಮುಖ ಕೆಂಪಾಯಿತು.

“ನಾನೇನು ಕದ್ದಿದೀನಾ, ಹೆಸರು ಮುಚ್ಚಿಡಾಕೆ? ಗಂಟ್ಲು ಹರ್ಕಂಡಿದ್ದು ನಾನು. ಹೆಸರು ಹಾಕಾಕಾಗ್ದಿದ್ರೆ ನನ್ನ ಮಾತು ವಾಪಸ್ ಕೊಟ್ಬುಡು.”

“ಅದು ನಿಮ್ಮ ಒಳ್ಳೇದಕ್ಕೇ ಅಮ್ಮಾ…”

“ನನ್ನ ಒಳ್ಳೇದು ನಂಗೊತ್ತೈತೆ ಕಣವ್ವ.”

ಮಾತು ವಾಪಸ್ ಕೇಳುವ ಹಕ್ಕು ಅವರಿಗಿತ್ತು. ಆ ಪತ್ರದಲ್ಲೇ ಬರೆದಿತ್ತು. ನನಗೆ ಅವರ ಮೇಲೂ ಸಿಟ್ಟು, ನಿಯಮ ಮಾಡಿದವರ ಮೇಲೂ ಸಿಟ್ಟು. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ, ನಿಮಗೆ ಬೇರೆ ಹೆಸರು ಇಡುತ್ತೇನೆ, ಅದನ್ನು ನೀವೇ ಹೇಳಿ ಎಂದೆ.

“ಯಾವ್ದಾದ್ರೂ ಆಗ್ತೈತಾ?”

“ಆಧಾರ್ ಕಾರ್ಡಲ್ಲಿರೋದು ಬಿಟ್ಟು ಯಾವುದಾದ್ರೂ.”

ಒಂದು ಗಳಿಗೆಯೂ ಯೋಚಿಸದೆ ಒಂದು ಹೆಸರು ಹೇಳಿ ಸಹಿ ಜಡಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮೌಖಿಕ ಪರೀಕ್ಷೆಯ ದಿನ ಕಂಪ್ಯೂಟರ್ ಪರದೆಯಲ್ಲಿದ್ದ ವಿದೇಶಿ ಪರೀಕ್ಷಕರು, ಗುರುತು ಮರೆಸಿದ ರೀತಿ ಬಹಳ ಅಚ್ಚುಕಟ್ಟು ಎಂದು ಹೊಗಳಿದರು. ನಾನೂ ಬೀಗಿದೆ.

ಪದವಿ ಬಂದ ಮೇಲೆ ಪ್ರಬಂಧದ ಒಂದು ಪ್ರತಿ ಹಿಡಿದು ಹೊಂಗಡಹಳ್ಳಕ್ಕೆ ಹೋದೆ. ಇಂಗ್ಲಿಷ್ ಪುಟದ ನಡುವೆ ಕನ್ನಡದಲ್ಲೂ ಅಚ್ಚಾಗಿದ್ದ ಆ ಹೆಸರನ್ನು ಮೇಸ್ತ್ರಮ್ಮ ಬೆರಳಿಟ್ಟು ಓದಿದರು. ಮತ್ತೆ ಓದಿದರು. ಆಮೇಲೆ ಬಿದ್ದುಬಿದ್ದು ನಕ್ಕರು.

“ಇದು ಸುಳ್ಳು ಹೆಸರು ಅಂದ್ಕಂಡಿದೀಯಾ? ನಮ್ಮಪ್ಪ ಇಟ್ಟಿದ್ದು ಕಣವ್ವ. ಬೆಳಗೋಡಿಂದ ಮದ್ವೆಯಾಗಿ ಬಂದ್ರೆ ನಮ್ಮತ್ತೆ ಹೆಸರೂ ಇದೇ! ಗಂಡ ಆದೋನು ಅವ್ವನ ಹೆಸರು ಹಿಡ್ದು ಹೆಂಡ್ತೀನ ಬೈಯಾಕಾಗ್ತೈತಾ? ಅದ್ಕೇ ಬಂದ ದಿನಾನೇ ಬೇರೆ ಇಟ್ಬುಟ್ರು. ಸುಳ್ಳು ಇರೋದು ಕಾರ್ಡಲ್ಲಿ.”

ನಿಯಮ ಮಣ್ಣುಪಾಲಾಗಿತ್ತು, ಅದೂ ಗಟ್ಟಿ ರಟ್ಟಿನ ಬೈಂಡಿನೊಳಗೆ.

“ಯಾರಿಗಾದ್ರೂ ಗುರುತು ಸಿಕ್ರೆ ಏನಮ್ಮಾ ಮಾಡೋದು?”

“ಯಾರಿಗೆ ಸಿಗ್ತೈತೆ? ನಮ್ಮಕ್ಕ ತೀರ್ಕಂಡ ಮೇಲೆ ಆ ಹೆಸರಲ್ಲಿ ಕೂಗೋರೇ ಇಲ್ಲ.” ನಗು ಇನ್ನೂ ಅವರ ಮುಖದಲ್ಲೇ ಇತ್ತು. “ಎಲ್ಲಿ, ನೀನೊಂದ್ಸಲ ಕೂಗು.”

ನಮ್ಮಮ್ಮನಿಗಿಂತ ದೊಡ್ಡವರನ್ನು ಬರೀ ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳಲಿಲ್ಲ. ಅವರು ಕಣ್ಣಲ್ಲೇ ಗದರಿಸಿದರು. ಕೂಗಿದೆ.

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ ಮೇಸ್ತ್ರಮ್ಮ, ಹಿತ್ತಲ ಆಚೆಯಿಂದ ಓಗೊಡುವಷ್ಟು ಜೋರಾಗಿ “ಓ!” ಎಂದರು.