ಗುಬ್ಬಿಯ ಬೆನ್ನಿನ ಅಳತೆ

ನಮ್ಮ ಬೀದಿಯಲ್ಲಿ ಬ್ಯಾಗು ರಿಪೇರಿ ಮಾಡುವವಳನ್ನು ಎಲ್ಲರೂ ಜಿಪ್ಪಕ್ಕ ಎನ್ನುತ್ತಾರೆ. ಅವಳ ಅಂಗಡಿಯ ಎದುರಿಗೇ ನನ್ನದು. ನಾನು ಬೀಗ ಸರಿಮಾಡುತ್ತೇನೆ, ಕೀಲಿ ಮಾಡಿಕೊಡುತ್ತೇನೆ. ಬೇಸಿಗೆ ರಜೆ ಶುರುವಾಯಿತೆಂದರೆ ಅವಳ ಬಾಗಿಲಲ್ಲಿ ಜನ, ನನ್ನ ಬಾಗಿಲಲ್ಲಿ ನೊಣ. ಆದ್ದರಿಂದ ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಹೇಳುವುದನ್ನು ಧಾರಾಳವಾಗಿ ನಂಬಬಹುದು.

ಹೈಸ್ಕೂಲಿನ ಮಕ್ಕಳು ರಜೆಯಲ್ಲಿ ಮನೆಯಲ್ಲಿ ಬಿದ್ದುಕೊಂಡಿರುವ ಕಾಲ ಹೋಯಿತು. ಈಜಿಗೊಂದು ಬ್ಯಾಗು, ಗಿಟಾರಿಗೊಂದು, ಶಿಬಿರಕ್ಕೊಂದು, ಪ್ರವಾಸಕ್ಕೊಂದು. ವರ್ಷವೆಲ್ಲ ಮಂಚದ ಕೆಳಗೆ ಧೂಳು ತಿಂದ ಬ್ಯಾಗು ಇನ್ನೇನು ಹೊರಡಬೇಕು ಅನ್ನುವಾಗ ಹೊರಗೆ ಬರುತ್ತದೆ. ಜಿಪ್ಪು ಕೈಕೊಟ್ಟಿರುವುದು ಆಗಲೇ ಗೊತ್ತಾಗುವುದು. ಎಲ್ಲರೂ ಜಿಪ್ಪಕ್ಕನ ಹತ್ತಿರ ಓಡಿ ಬಂದು, ನಾಳೆಯೇ ಬೇಕು ಎನ್ನುತ್ತಾರೆ.

ಜಿಪ್ಪಕ್ಕನ ಕೆಲಸಕ್ಕೊಂದು ಕ್ರಮವಿದೆ. ಮೊದಲು ಬ್ಯಾಗನ್ನು ಒಳಮಗ್ಗುಲು ಹೊರಗೆ ಮಾಡಿ, ಬಾಗಿಲಲ್ಲಿ ನಿಂತು ಕೊಡವುತ್ತಾಳೆ. ಒಳಗೆ ಕಲ್ಲುಗಿಲ್ಲು ಉಳಿದಿದ್ದರೆ ಮೆಷಿನ್ನಿನ ಸೂಜಿ ಮುರಿಯುತ್ತದೆ. ಕೆಲಸ ಮುಗಿದ ಮೇಲೆ, ಬಿಚ್ಚಿದ ಹಳೆಯ ಹೊಲಿಗೆಯ ತೂತುಗಳನ್ನು ಚಮಚದ ಹಿಂಬದಿಯಿಂದ ತಿಕ್ಕಿ ತಿಕ್ಕಿ ಮಾಯಮಾಡುತ್ತಾಳೆ. ಅವಳು ಕೈಯಿಟ್ಟ ಜಾಗ ಯಾವುದೆಂದು ಯಾರಿಗೂ ಕಾಣಕೂಡದು. ಇವೆರಡರಲ್ಲಿ ಅವಳ ಹೊಟ್ಟೆ ಉರಿಸುವುದು ಮೊದಲನೆಯದು. ಬಣ್ಣದ ಪೆನ್ಸಿಲಿನ ಸಿಪ್ಪೆ ಬಿದ್ದರೆ ಚಿತ್ರದ ಕ್ಲಾಸು, ಒಣಗಿದ ಎಲೆ ಬಿದ್ದರೆ ಕಾಡಿನ ಶಿಬಿರ. ಒಂದೊಂದು ಬ್ಯಾಗು ಕೊಡವಿದಾಗಲೂ ಅವಳ ಮುಖ ಇನ್ನಷ್ಟು ಊದುತ್ತದೆ.

"ನೋಡಿ ಅಣ್ಣ, ಸಮುದ್ರ ನೋಡ್ಕೊಂಡು ಬಂದಿದಾರೆ ಮಹಾರಾಜರು. ಮರಳು ಮಾತ್ರ ನಾನು ಗುಡಿಸ್ಬೇಕು," ಎಂದು ಪೊರಕೆ ಎತ್ತಿಕೊಳ್ಳುತ್ತಾಳೆ.

ಮನೆಯಲ್ಲಿರುವುದು ಅವಳು ಮತ್ತು ಮಗಳು ಇಬ್ಬರೇ. ಮಗಳು ಹತ್ತನೇ ಕ್ಲಾಸಿಗೆ ಕಾಲಿಡುತ್ತಿದ್ದಾಳೆ. ಸಣ್ಣ ಆಳು, ಅದಕ್ಕೇ ಗುಬ್ಬಿ. ರಜೆ ಬಂತೆಂದರೆ ಗುಬ್ಬಿ ಅಂಗಡಿಯ ಎರಡನೇ ಮೆಷಿನ್ನಿಗೆ ಕೂರುತ್ತಾಳೆ. ವರ್ಷದ ಮಿಕ್ಕ ತಿಂಗಳು ಅಂಗಡಿ ಆಕಳಿಸುತ್ತಿರುತ್ತದೆ. ಅಮ್ಮ ಮಗಳ ಹೊಟ್ಟೆ ತುಂಬುವುದು ಈ ಬೇಸಿಗೆಯ ಕೆಲಸದಿಂದ. ಊರಿನ ಮಕ್ಕಳೆಲ್ಲ ಎಲ್ಲೆಲ್ಲಿಗೋ ಹೊರಡುತ್ತಾರೆ ಎಂಬ ಒಂದೇ ಕಾರಣಕ್ಕೆ ಗುಬ್ಬಿ ಎಲ್ಲಿಗೂ ಹೊರಡುವಂತಿಲ್ಲ. ಇದನ್ನು ಯೋಚಿಸಿದರೆ ನನಗೇ ಮೈ ಉರಿಯುತ್ತದೆ, ಇನ್ನು ಹೆತ್ತವಳಿಗೆ ಹೇಗಿರಬೇಡ.

ಈ ವರ್ಷ ಗುಬ್ಬಿಯ ಸ್ಕೂಲಿನಿಂದಲೇ ಬೆಟ್ಟಕ್ಕೆ ಒಂದು ಶಿಬಿರ ಹೊರಟಿತ್ತು. ಡೇರೆಯಲ್ಲಿ ಮಲಗುವುದು, ಹಗ್ಗ ಹಿಡಿದು ಬಂಡೆ ಹತ್ತುವುದು, ಇತ್ಯಾದಿ. ಗುಬ್ಬಿ ಒಂದೇ ಒಂದು ಸಲ ಕೇಳಿದಳು. ಜಿಪ್ಪಕ್ಕ ಮೆಷಿನ್ನು ನಿಲ್ಲಿಸದೆ, "ಈಗ ಸೀಸನ್ನು ಕಣೇ," ಅಂದಳು. ಗುಬ್ಬಿ "ಸರಿ" ಅಂದು ದಾರ ಪೋಣಿಸಿಕೊಂಡಳು. 

"ನಮ್ಮ ಗುಬ್ಬಿಗೆ ಅಂಥ ಆಸೆಗಳೇ ಇಲ್ಲ ಅಣ್ಣ," ಎಂದು ಜಿಪ್ಪಕ್ಕ ಸಂಜೆ ಟೀ ಕುಡಿಯುವಾಗ ನನಗೆ ಹೇಳಿದಳು. "ಹೊಟ್ಟೆ ಉರ್ಕೊಳೋದೆಲ್ಲ ನಾನೇ."

ಉರಿಯುವ ಹೊಟ್ಟೆಗೆ ಎಣ್ಣೆ ಸುರಿಯಲು ಅವಳ ಅಕ್ಕ ಬಂದಳು. ಜಿಪ್ಪಕ್ಕನಿಗಿಂತ ದೊಡ್ಡವಳು, ದೊಡ್ಡ ಮನೆ ಸೇರಿದವಳು. ಅವಳ ಮಗಳೂ ಗುಬ್ಬಿಯ ಸ್ಕೂಲೇ, ಗುಬ್ಬಿಯ ಕ್ಲಾಸೇ; ಎತ್ತರ ಮಾತ್ರ ಗುಬ್ಬಿಗಿಂತ ಒಂದು ತಲೆ ಹೆಚ್ಚು. ಅಕ್ಕನ ಕೈಯಲ್ಲಿ ಬೆನ್ನಿಗೆ ಹಾಕುವ ದೊಡ್ಡ ಬ್ಯಾಗಿತ್ತು. ಎರಡೂ ಹೆಗಲ ಪಟ್ಟಿಯ ಬಕಲ್ಲು ಒಡೆದಿತ್ತು.

"ಮಗು ಅದೇ ಬೆಟ್ಟದ ಶಿಬಿರಕ್ಕೆ ಹೊರಟಿದಾಳೆ," ಅಂದಳು ಅಕ್ಕ. "ಬೆಳಗ್ಗೆ ಈಜು, ಅದಾದ್ಮೇಲೆ ಕಂಪ್ಯೂಟರು, ಮಧ್ಯಾಹ್ನ ಗಿಟಾರು. ಉಸಿರಾಡೋಕೂ ಪುರುಸೊತ್ತಿಲ್ಲ ಕಣೇ ಪಾಪ. ನಿಂದೇ ವಾಸಿ, ಮಗಳು ಕಣ್ಣ ಮುಂದೇನೇ ಇರ್ತಾಳೆ."

ಜಿಪ್ಪಕ್ಕ ನಕ್ಕಳು. ಆ ನಗು ನನಗೆ ಬೀದಿಯ ಈಚೆಗೂ ಕಾಣಿಸಿತು. "ಹೂಂ ಅಕ್ಕ, ನಾನು ಪುಣ್ಯವಂತೆ," ಅಂದಳು. ಅಕ್ಕ ಅದನ್ನು ನಿಜವೆಂದೇ ನಂಬಿದಳು. ಅಷ್ಟು ಸುಖವಾಗಿರುವವರಿಗೆ ಇಂಥದೆಲ್ಲ ಅರ್ಥವಾಗುವುದಿಲ್ಲ.

ಆ ಅಳತೆಯ ಬಕಲ್ಲು ಸಿಗಲಿಲ್ಲ. ಬಕಲ್ಲಿದ್ದರೆ ಪಟ್ಟಿಯನ್ನು ಯಾರ ಬೆನ್ನಿಗೆ ಬೇಕಾದರೂ ಉದ್ದ ಗಿಡ್ಡ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಹಾಕಿಕೊಳ್ಳುವವರ ಬೆನ್ನು ನೋಡಿ ಪಟ್ಟಿಯನ್ನು ಒಂದೇ ಉದ್ದಕ್ಕೆ ಹೊಲಿದುಬಿಡಬೇಕು. ಜಿಪ್ಪಕ್ಕನಿಗೆ ಅದು ನೀರು ಕುಡಿದಷ್ಟು ಸಲೀಸು. ಬ್ಯಾಗಿನ ಮಕ್ಕಳು ಯಾವ ಕಾಲಕ್ಕೂ ಅಳತೆಗೆ ಬರುವುದಿಲ್ಲ, ಯಾವುದಾದರೊಂದು ಕ್ಲಾಸಿನಲ್ಲಿರುತ್ತಾರೆ. ಹಾಗಾಗಿ ಎಲ್ಲ ಬ್ಯಾಗನ್ನೂ ಗುಬ್ಬಿಯ ಬೆನ್ನಿಗೆ ಹಾಕಿ ನೋಡುತ್ತಾಳೆ, ಪಿನ್ನು ಚುಚ್ಚುತ್ತಾಳೆ, ಹೊಲಿಯುವಾಗ ಬ್ಯಾಗು ಹೊರುವ ಮಗುವಿನ ಎತ್ತರಕ್ಕೆ ತಕ್ಕಂತೆ ಬೆರಳಿಟ್ಟು ಅಷ್ಟು ಪಟ್ಟಿ ಹೆಚ್ಚಿಗೆ ಬಿಡುತ್ತಾಳೆ. ಅಕ್ಕನ ಮಗಳಿಗೆ ನಾಲ್ಕು ಬೆರಳು. ಮಿಕ್ಕ ಪಟ್ಟಿಯನ್ನು ಕತ್ತರಿಸದೆ ಒಳಗೆ ಮಡಚುತ್ತಾಳೆ. ಊರಿನ ಎಷ್ಟು ಮಕ್ಕಳ ಬ್ಯಾಗು ಬೆಟ್ಟ ಹತ್ತುವ ಮೊದಲು ಗುಬ್ಬಿಯ ಬೆನ್ನು ಹತ್ತಿದೆಯೋ.

ಆ ದಿನವೂ ಗುಬ್ಬಿ ನಿಂತಳು. ಅಮ್ಮ ಪಿನ್ನು ಚುಚ್ಚಿದಳು, ಹೊಲಿದಳು, ಕೊಟ್ಟು ಕಳಿಸಿದಳು.

ಶಿಬಿರದ ಹಿಂದಿನ ದಿನ ಸಂಜೆ ಅಕ್ಕನ ಮಗಳು ಬ್ಯಾಗು ಹಾಕಿಕೊಂಡೇ ಬಂದಳು. ಬ್ಯಾಗು ಅವಳ ಕುತ್ತಿಗೆಯ ಹಿಂದೆ ಏರಿ ಕೂತಿತ್ತು, ತೋಳು ರೆಕ್ಕೆಯ ಹಾಗೆ ಅಗಲವಾಗಿತ್ತು.

"ಚಿಕ್ಕಮ್ಮ, ಇದು ಕಂಕುಳಿಗೆ ಕಚ್ತಾ ಇದೆ."

ಜಿಪ್ಪಕ್ಕ ಪಟ್ಟಿಗೆ ಬೆರಳಿಟ್ಟು ನೋಡಿದಳು. ನಾಲ್ಕು ಬೆರಳು ಬಿಟ್ಟೇ ಇರಲಿಲ್ಲ, ಗುಬ್ಬಿಯ ಅಳತೆಗೇ ಹೊಲಿದಿದ್ದಳು. ಇಷ್ಟು ವರ್ಷ ನೋಡಿದ್ದೇನೆ, ಅವಳು ಬೆರಳು ಮರೆತದ್ದೇ ಇಲ್ಲ. ಅವಳ ಮುಖ ಕಪ್ಪಿಟ್ಟಿತು. ಕೈ ಯಾಕೆ ಮರೆಯಿತೆಂದು ಅವಳಿಗೂ ಹೊಳೆಯಿತು, ಅಂಗಡಿ ಬಿಟ್ಟು ಅಲ್ಲಿಗೆ ಹೋಗಿ ನಿಂತಿದ್ದ ನನಗೂ ಹೊಳೆಯಿತು.

"ಇಳಿಸು ಮಗಳೇ, ಈಗಲೇ ಬಿಚ್ಚಿ ಕೊಡ್ತೀನಿ."

ಬ್ಯಾಗು ಇಳಿಸಿದಾಗ ಈಸಿಕೊಂಡವಳು ಗುಬ್ಬಿ. ನಾಳೆಯ ಸಾಮಾನೆಲ್ಲ ತುಂಬಿತ್ತು, ಒಳ್ಳೆಯ ಭಾರ. ಈಸಿಕೊಂಡವಳು ಮೇಜಿನ ಮೇಲೆ ಇಡಲಿಲ್ಲ, ಬೆನ್ನಿಗೇರಿಸಿಕೊಂಡಳು. ಅವಳಿಗೇ ಮಾಡಿಸಿದ ಹಾಗೆ ಕೂತಿತು.

"ಅಮ್ಮ, ಮೂಲೆ ತನಕ ಹೋಗಿ ಬರ್ತೀನಿ," ಅಂದಳು.

ಯಾರೂ ಹೂಂ ಅನ್ನುವ ಮೊದಲೇ ಹೊರಟಳು. ಔಷಧಿ ಅಂಗಡಿ ದಾಟಿದಳು, ಇಸ್ತ್ರಿಯವನ ಗಾಡಿ ದಾಟಿದಳು. ಮೂಲೆ ಬಂತು, ತಿರುಗಿ ಬರಲಿಲ್ಲ. ಹಾಗೇ ಆಚೆ ಬೀದಿಗೆ ಹೊಕ್ಕಳು.

"ಎಲ್ಲಿಗೆ ಹೋದ್ಲು ಚಿಕ್ಕಮ್ಮ?"

"ಬರ್ತಾಳೆ ಬಿಡು," ಅಂದಳು ಜಿಪ್ಪಕ್ಕ. ಕಣ್ಣು ಮೂಲೆಯಲ್ಲೇ ಇತ್ತು.

ಗುಬ್ಬಿ ಬಂದದ್ದು ಬೀದಿಯ ಇನ್ನೊಂದು ತುದಿಯಿಂದ. ಇಡೀ ಬಡಾವಣೆ ಸುತ್ತಿಕೊಂಡು ಬಂದಿದ್ದಳು. ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು. "ಭಾರಾನೇ ಗೊತ್ತಾಗಲ್ಲ," ಎಂದು ನಕ್ಕಳು. ಆ ನಗು ನೋಡಿದ ಮೇಲೆ, ಆಸೆಗಳೇ ಇಲ್ಲ ಎಂಬ ಮಾತನ್ನು ಜಿಪ್ಪಕ್ಕ ಇನ್ನು ಯಾರಿಗೂ ಹೇಳುವಂತಿರಲಿಲ್ಲ.

"ಚಿಕ್ಕಮ್ಮ, ಬಸ್ಸಲ್ಲಿ ಇನ್ನೂ ಜಾಗ ಇದೆಯಂತೆ. ಟೀಚರ್ ಹೇಳಿದ್ರು," ಅಂದಳು ಅಕ್ಕನ ಮಗಳು. ಪಾಪದ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಜಿಪ್ಪಕ್ಕ ಗೋಡೆಗೆ ಒರಗಿಸಿದ್ದ ಬ್ಯಾಗುಗಳ ರಾಶಿಯನ್ನೊಮ್ಮೆ ನೋಡಿದಳು, ಮಗಳನ್ನು ನೋಡಿದಳು. "ಹೋಗ್ತೀಯೇನೇ?" ಅಂದಳು.

ಗುಬ್ಬಿಯೂ ರಾಶಿಯನ್ನೇ ನೋಡಿದಳು. ಆಮೇಲೆ ಒಂದೊಂದಾಗಿ ಪಟ್ಟಿ ಇಳಿಸಿದಳು.

"ಈಗ ಸೀಸನ್ನು ಅಲ್ವಾ ಅಮ್ಮ."

ಹೊಲಿಗೆ ಬಿಚ್ಚುವ ಚಾಕನ್ನೂ ಅವಳೇ ತೆಗೆದುಕೊಂಡಳು. ಗುಬ್ಬಿ ಬಿಚ್ಚಿದಳು, ಜಿಪ್ಪಕ್ಕ ನಾಲ್ಕು ಬೆರಳು ಬಿಟ್ಟು ಹೊಲಿದಳು. ನಾನು ನನ್ನ ಅಂಗಡಿಗೆ ಬಂದು, ಕೆಡದೇ ಇದ್ದ ಬೀಗವೊಂದನ್ನು ಬಿಚ್ಚಿ ಕೂತೆ.

ಮರುದಿನ ಬೆಳಗ್ಗೆ ನಾನು ಜಿಪ್ಪಕ್ಕನ ಬಾಗಿಲಲ್ಲಿ ನಿಂತಿದ್ದಾಗ ಅಕ್ಕನ ಮಗಳು ಬಸ್ಸಿಗೆ ಹೊರಟು ನಮ್ಮ ಮುಂದೆಯೇ ಹಾದುಹೋದಳು. ಗುಬ್ಬಿ ಮೆಷಿನ್ನಿನ ಮುಂದಿನಿಂದಲೇ ಕೈಯಾಡಿಸಿದಳು. ಬ್ಯಾಗು ಈಗ ಸರಿಯಾಗಿ ಕೂತಿತ್ತು. ಆದರೆ ಎರಡೂ ಪಟ್ಟಿಯ ಮೇಲೆ, ಹೊಸ ಹೊಲಿಗೆಗಿಂತ ನಾಲ್ಕು ಬೆರಳು ಮೇಲಕ್ಕೆ, ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಎದ್ದು ಕಾಣುತ್ತಿದ್ದವು. ಚಮಚ ಅಲ್ಲೇ ಮೇಜಿನ ಮೇಲಿತ್ತು.

"ಏನಮ್ಮ, ತಿಕ್ಕೋದು ಮರ್ತೆಯಾ?" ಎಂದು ಕೇಳಿದೆ.

"ಮರೀಲಿಲ್ಲ ಅಣ್ಣ," ಅಂದಳು ಜಿಪ್ಪಕ್ಕ, ಮುಂದಿನ ಬ್ಯಾಗನ್ನು ಬಾಗಿಲಿಗೆ ತಂದು ಕೊಡವುತ್ತ. "ಗುಬ್ಬಿ ಅಳತೆ, ಅದಾದ್ರೂ ಬೆಟ್ಟ ನೋಡ್ಕೊಂಡು ಬರ್ಲಿ."