ಏಜೆಂಟಿಗೊಂದು ಅಳತೆ ಬ್ಲೌಸ್

ನನ್ನ ತೋಳಿನ ಸುತ್ತಳತೆ ಎಷ್ಟೆಂದು ಕೇಳಿದರೆ ಹನ್ನೊಂದು ಇಂಚು ಎಂದು ತಟ್ಟನೆ ಹೇಳಿಬಿಡುತ್ತೇನೆ. ಆ ಸಂಖ್ಯೆ ಎಂದೋ ಒಮ್ಮೆ ನಿಜವಾಗಿತ್ತು. ಎಂದು ಎನ್ನುವುದು ಮಾತ್ರ ನೆನಪಿಲ್ಲ. ನೆನಪನ್ನು ನಂಬಬಾರದೆಂದೇ ವರ್ಷಗಟ್ಟಲೆ ದಿನಚರಿ ಬರೆದುಕೊಂಡು ಬಂದವಳು ನಾನು. ಆದರೂ ಒಂದು ಯಂತ್ರಕ್ಕೆ ಪಾಠ ಹೇಳಲು ಹೊರಟಾಗ ಆ ನೆನಪನ್ನೇ ನೆಚ್ಚಿಕೊಂಡೆ.

ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಜಯಮ್ಮನವರ ಟೈಲರಿಂಗ್ ಅಂಗಡಿ. ಇಪ್ಪತ್ತು ವರ್ಷದಿಂದ ನನ್ನ ಬ್ಲೌಸುಗಳೆಲ್ಲ ಅಲ್ಲೇ ಹುಟ್ಟಿದವು. ಈಗ ಗಿರಾಕಿಗಳು ಬಟ್ಟೆಯನ್ನು ಅಂಗಡಿಗೆ ಮುಟ್ಟಿಸಿ, ಹೇಗೆ ಹೊಲಿಯಬೇಕೆಂಬುದನ್ನು ಫೋನಿನಲ್ಲಿ ಮೆಸೇಜು ಮಾಡುತ್ತಾರೆ. ಜಯಮ್ಮ ಅದನ್ನು ಓದಿ ಚೀಟಿ ಬರೆದು ಬಟ್ಟೆಗೆ ಪಿನ್ನು ಚುಚ್ಚುತ್ತಾರೆ. ಮಂಡಿ ಮೊಹಲ್ಲಾದಿಂದ ಬರುವ ಮುಮ್ತಾಜ್ ಆ ಚೀಟಿ ನೋಡಿ ಕತ್ತರಿಸುತ್ತಾರೆ, ಹೊಲಿಯುತ್ತಾರೆ. ಮದುವೆಗಳ ಕಾಲದಲ್ಲೇ ಜಯಮ್ಮನವರಿಗೆ ಕಣ್ಣಿನ ಪೊರೆಯ ಆಪರೇಷನ್ ನಿಗದಿಯಾಯಿತು. ಹದಿನೈದು ದಿನ ಫೋನೂ ಬೇಡ, ಕತ್ತರಿಯೂ ಬೇಡ ಎಂದರು ಡಾಕ್ಟರು. ಅಂಗಡಿ ಮುಚ್ಚಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ. ತೆರೆದಿಟ್ಟು ಯಾರದಾದರೂ ರೇಷ್ಮೆ ಕೆಟ್ಟರೆ ಮತ್ತೆಂದೂ ಬರುವುದಿಲ್ಲ. ಮೆಷಿನ್ನಿನ ಮುಂದೆ ಕೂತ ಮುಮ್ತಾಜ್‌ಗೆ ಮೆಸೇಜು ಓದಲು ಪುರಸೊತ್ತೆಲ್ಲಿ?

ನಾನು ಉತ್ಸಾಹದಿಂದ ಮುಂದೆ ಬಂದೆ. ನನ್ನ ಅನುವಾದದ ಟಿಪ್ಪಣಿಗಳನ್ನು ಜೋಡಿಸಿಕೊಡುವ ಎಐ ಏಜೆಂಟ್ ಒಂದಿದೆ. ಅದನ್ನು ಅವರ ಫೋನಿಗೆ ಹಾಕಿಕೊಟ್ಟರೆ ಮೆಸೇಜು ಓದಿ ಚೀಟಿ ಬರೆಯುತ್ತದೆ. ಕೆಲಸ ಮಾಡುವುದು ಹೇಗೆಂದು ಒಂದು ಸೂಚನೆಯ ಹಾಳೆ ಬರೆದುಕೊಟ್ಟರಾಯಿತು. ಅದಕ್ಕೆ ‘ಸ್ಕಿಲ್’ ಎನ್ನುತ್ತಾರೆ. ಎಂ.ಎ. ಮಾಡಿದವಳಿಗೆ ಅದೇನು ಮಹಾ ಎಂದುಕೊಂಡು ಮೂರು ಪುಟ ಬರೆದೆ.

ಈಗ ಆ ಪುಟಗಳನ್ನು ಓದಿದರೆ ನಾಚಿಕೆಯಾಗುತ್ತದೆ. ‘ಸೂಕ್ತ ರೀತಿಯಲ್ಲಿ’ ಎಂದು ನಾಲ್ಕು ಸಲ, ‘ಕಡ್ಡಾಯವಾಗಿ’ ಎಂದು ಹನ್ನೊಂದು ಸಲ ಬರೆದಿದ್ದೇನೆ. ನಮ್ಮ ಹಳೆಯ ದಾನಶಾಸನಗಳನ್ನು ಕಲ್ಲಿನಲ್ಲಿ ಕೆತ್ತಿದವರು ಎಷ್ಟೋ ಜಾಣರು. ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಮೂಡಣಕ್ಕೆ ಇಂಥ ಕೆರೆ, ಪಡುವಣಕ್ಕೆ ಇಂಥ ಮರ ಎಂದರೇ ಹೊರತು ಸೂಕ್ತ ಜಾಗದವರೆಗೆ ಎನ್ನಲಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿ, ಕೊನೆಯಲ್ಲಿ ಮಾತ್ರ ತಪ್ಪಿದವರಿಗೆ ಶಾಪ ಹಾಕಿದರು. ನಾನು ಎಲ್ಲೆಯನ್ನೇ ಹೇಳದೆ ಹನ್ನೊಂದು ಶಾಪ ಹಾಕಿದ್ದೆ.

ಅದರಲ್ಲಿ ಒಂದು ಸೂಚನೆಯ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ಗಿರಾಕಿ ‘ಹೋದ ಸಲದ ಹಾಗೇ’ ಎಂದರೆ ಅಂಗಡಿಯ ಅಳತೆ ಪುಸ್ತಕದಲ್ಲಿರುವ ಹಳೆಯ ಅಳತೆಯನ್ನೇ ಬರೆಯಬೇಕು. ಜಯಮ್ಮ ಹಾಗೆ ಪುಸ್ತಕ ತಿರುವುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ, ಅಥವಾ ಕಂಡಿದ್ದೆನೆಂದು ನೆನಪಿತ್ತು. ಪುಸ್ತಕದ ಹಾಳೆಗಳ ಫೋಟೋ ತೆಗೆದು ಏಜೆಂಟಿಗೆ ಕೊಟ್ಟೆ.

ಆಪರೇಷನ್ನಿಗೆ ಎರಡು ದಿನ ಮುಂಚೆ ಅಂಗಡಿಯಲ್ಲೇ ಪರೀಕ್ಷೆ ನಡೆಯಿತು. ನನ್ನದೇ ಹಸಿರು ರೇಷ್ಮೆ ಕೊಟ್ಟು, ‘ಹೋದ ಸಲದ ಹಾಗೇ ಹೊಲಿಯಿರಿ’ ಎಂದು ಮೆಸೇಜು ಮಾಡಿದೆ. ಕ್ಷಣದಲ್ಲಿ ಅಚ್ಚುಕಟ್ಟಾದ ಚೀಟಿ ಬಂತು: ತೋಳು ಹನ್ನೊಂದು ಇಂಚು. ಮುಮ್ತಾಜ್ ಬಟ್ಟೆ ಹಾಸಿ ಗುರುತು ಹಾಕಿ ಕತ್ತರಿ ಎತ್ತಿದರು. ಜಯಮ್ಮ ತಡಿ ಎಂದು ಎದ್ದು ಬಂದು ನನ್ನ ತೋಳಿಗೆ ಟೇಪು ಸುತ್ತಿದರು. ಹನ್ನೆರಡೂವರೆ.

“ಅಕ್ಕಾ, ಪುಸ್ತಕ ನೋಡಿ ಅಳತೆ ತಗೊತೀನಿ ಅಂತ ನಾನ್ಯಾವತ್ತು ಹೇಳಿದ್ದೆ?”

“ತಿರುಗಿಸಿ ನೋಡ್ತಿದ್ರಲ್ಲ ಜಯಮ್ಮ?”

“ಅದು ಕುತ್ತಿಗೆ ಡಿಸೈನಿಗೆ ಕಣಕ್ಕ. ಅಳತೆಗೆ ಅಂತ ಅಳತೆ ಬ್ಲೌಸ್ ಇಸ್ಕೊತೀನಿ. ಈಗ ಹಾಕ್ಕೊಳೋದು, ಮೈಗೆ ಸರಿಯಾಗಿ ಕೂರೋದು. ಜನ ಅವ್ರ ಮೈನ ಮದ್ವೆ ವರ್ಷದ್ದೇ ಅನ್ಕೊಂಡಿರ್ತಾರೆ.”

“ಜಯಕ್ಕನೂ ಅಷ್ಟೇ,” ಎಂದರು ಮುಮ್ತಾಜ್, ಕತ್ತರಿ ಕೆಳಗಿಡುತ್ತ. “ಅದಕ್ಕೇ ಅವ್ರ ಅಳತೆ ಪುಸ್ತಕದಲ್ಲಿ ಬರ್ದೇ ಇಲ್ಲ.”

ಏಜೆಂಟ್ ತಪ್ಪು ಮಾಡಿರಲಿಲ್ಲ. ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ನನ್ನ ತಪ್ಪಿಗೆ ಅಷ್ಟು ನಿಷ್ಠೆ ತೋರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಸಂಜೆಯವರೆಗೂ ಕೂತು ಮತ್ತೆ ಬರೆದೆವು. ಬರೆದವಳು ನಾನು, ಬರೆಸಿದವರು ಜಯಮ್ಮ. ಮೂರು ಪುಟ ಒಂದಾಯಿತು. ಪುಸ್ತಕದ ಹಳೆಯ ಅಳತೆ ಹೋಗಿ, ಅಳತೆ ಬ್ಲೌಸ್ ಕೇಳಬೇಕೆಂಬ ಸೂಚನೆ ಬಂತು. ನನ್ನ ‘ಕಡ್ಡಾಯವಾಗಿ’ಗಳನ್ನು ಓದಿಸಿಕೊಂಡು ಅವರು ಹೇಳಿದ್ದನ್ನು ಅವತ್ತೇ ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ, ಆದ್ದರಿಂದ ಇದನ್ನು ನಂಬಬಹುದು.

“ಯಾಕಕ್ಕ ಇಷ್ಟು ಗದರ್ಸ್ತೀರ ಅದನ್ನ? ರೇಷ್ಮೆ ಒಂದ್ಸಲ ಕತ್ತರಿಸ್ಬುಟ್ರೆ ಮತ್ತೆ ಕೂಡ್ಸಕ್ಕಾಗಲ್ಲ, ಅದಕ್ಕೇ ಗೊತ್ತಿಲ್ದಿದ್ರೆ ಕೇಳು ಅಂತ ಬರೀರಿ. ಕಾರಣ ಗೊತ್ತಾದ್ರೆ ಮಿಕ್ಕಿದ್ದು ಅದೇ ನೋಡ್ಕೊತದೆ.”

ಆಮೇಲೆ ಡ್ರಾಯರಿನಿಂದ ತಮ್ಮ ಕೈಬರಹದ ಎರಡು ಹಳೆಯ ಚೀಟಿ ತೆಗೆದುಕೊಟ್ಟರು. ಒಳ್ಳೆಯ ಚೀಟಿ ಹೇಗಿರಬೇಕೆಂದು ನಾನು ಅರ್ಧ ಪುಟ ವಿವರಿಸಿದ್ದೆ. ಅದರ ಬದಲು ಇವನ್ನೇ ತೋರಿಸಿ ಎಂದರು. ಏಜೆಂಟಿಗೂ ಒಂದು ಅಳತೆ ಬ್ಲೌಸ್ ಸಿಕ್ಕಿತು.

ಆಪರೇಷನ್ ಆಗಿ ಒಂಬತ್ತನೆಯ ದಿನ ಮದುಮಗಳ ತಾಯಿಯೊಬ್ಬರು ತಮ್ಮ ಅಮ್ಮನ ಹಳೆಯ ಸೀರೆ ಕೊಟ್ಟು, ಅದರ ತುದಿಯಲ್ಲೇ ಬ್ಲೌಸಿಗೆ ಬಟ್ಟೆ ಕತ್ತರಿಸಿಕೊಳ್ಳಿ ಎಂದು ಮೆಸೇಜು ಮಾಡಿದರು. ನಮ್ಮ ಹಾಳೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಏಜೆಂಟ್ ಹೀಗೆ ಉತ್ತರಿಸಿತ್ತು: ‘ಕತ್ತರಿಸಿದರೆ ಸೀರೆ ಗಿಡ್ಡವಾಗಬಹುದು. ಆಮೇಲೆ ಸರಿಪಡಿಸಲು ಬರುವುದಿಲ್ಲ. ಅಷ್ಟು ತುದಿ ಮಡಚಿ ಒಮ್ಮೆ ಉಟ್ಟು ನೋಡಿ ತಿಳಿಸುತ್ತೀರಾ?’ ಮುಮ್ತಾಜ್‌ಗೆ ಕೊಟ್ಟ ಚೀಟಿಯಲ್ಲಿ, ಉತ್ತರ ಬರುವ ತನಕ ಕತ್ತರಿಸಬೇಡಿ ಎಂದಿತ್ತು. ಆಕೆ ಸೀರೆಯನ್ನು ಮನೆಗೆ ಒಯ್ದು ಉಟ್ಟು ನೋಡಿದರು. ನೆರಿಗೆಗೆ ಸಾಲಲಿಲ್ಲ. ಬೇರೆ ಬಟ್ಟೆ ಕಳಿಸಿದರು. ಅಮ್ಮನ ಸೀರೆ ಇಡಿಯಾಗಿ ಉಳಿಯಿತು.

ಕಪ್ಪು ಕನ್ನಡಕ ಹಾಕಿ ಕೂತಿದ್ದ ಜಯಮ್ಮನವರಿಗೆ ಇದನ್ನು ಓದಿ ಹೇಳಿದೆ. “ನಾನಾಗಿದ್ರೂ ಇದನ್ನೇ ಕೇಳ್ತಿದ್ದೆ,” ಎಂದರು.

ಹದಿನೈದು ದಿನವೂ ಕಳೆದವು. ಯಾರ ರೇಷ್ಮೆಯೂ ಕೆಡಲಿಲ್ಲ. ನನ್ನ ಹಸಿರು ಬ್ಲೌಸ್ ಮಾತ್ರ ತಡವಾಯಿತು. ಏಜೆಂಟ್ ನನ್ನನ್ನೂ ಅಳತೆ ಬ್ಲೌಸ್ ಕೇಳಿತ್ತು, ಬೀರುವಿನಲ್ಲಿದ್ದ ಏಳನ್ನು ಹಾಕಿ ನೋಡಿದರೆ ಕೂತದ್ದು ಒಂದೇ.

ಜಯಮ್ಮ ಇಷ್ಟು ವರ್ಷ ನನ್ನನ್ನು ಅಳತೆ ಬ್ಲೌಸ್ ಕೇಳಿಯೇ ಇಲ್ಲವಲ್ಲ ಎಂಬ ಸಣ್ಣ ಗುಮಾನಿ ಆಗಲೂ ಉಳಿದಿತ್ತು. ಹಳೆಯ ದಿನಚರಿಗಳನ್ನು ಕೆಳಗಿಳಿಸಿದೆ. ಮೂರನೆಯದರಲ್ಲೇ ಸಿಕ್ಕಿತು. ನನ್ನದೇ ಅಕ್ಷರ: ‘ಜಯಮ್ಮ ಈ ಸಲವೂ ಅಳತೆ ಬ್ಲೌಸ್ ಕೇಳಿದರು. ಹೋದ ಸಲ ಕೊಟ್ಟಿದ್ದೆನಲ್ಲ. ಪಾಪ, ಅವರಿಗೆ ಏನೂ ನೆನಪಿರುವುದಿಲ್ಲ.’