ಟವೆಲ್ಲಿನ ಕೆಳಗೆ ಮಾರಿಸ್ ಮೈನರ್

ಗೆಳೆಯರೆ, ಇಂದು ಬೆಳಿಗ್ಗೆ ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬರ ಅಂಗಳದಲ್ಲಿ ನನ್ನ ಬಾಲ್ಯದ ಆಸೆ ಮಾರಾಟಕ್ಕೆ ನಿಂತಿತ್ತು: ದುಂಡು ಮೂತಿಯ ಮಾರಿಸ್ ಮೈನರ್. ನಮ್ಮ ಶಾಲೆಯ ತಪಾಸಣೆಗೆ ಬರುತ್ತಿದ್ದ ಸಾಹೇಬರ ಕಾರಿನಂಥದೇ. ಬೆಲೆ ಕಟ್ಟಲು ನನ್ನ ಹಳೆಯ ವಿದ್ಯಾರ್ಥಿ, ಗುಡೂರಿನ ಎತ್ತಿನ ದಲಾಲಿ ಸಂಗಪ್ಪನನ್ನು ಕರೆದೊಯ್ದಿದ್ದೆ. ಕಾರು ಚಾಲೂ ಆಗಲಿಲ್ಲ. ನಾಲ್ವರು ನೂಕಿದಾಗ ಸಂಗಪ್ಪ ಹಿಂದೆ ನಿಂತು ನೋಡಿ, "ನಡಿಗಿ ಚಲೋ ಐತ್ರಿ ಸರ," ಎಂದ.

ಬಳಿಕ ದನದ ಸಂತೆಯ ಪದ್ಧತಿಯಂತೆ, ಟವೆಲ್ಲಿನ ಕೆಳಗೆ ಮಾಲೀಕರ ಬೆರಳು ಹಿಡಿದು ಮೌನವಾಗಿ ಚೌಕಾಸಿ ನಡೆಸಿದ.

"ಎಷ್ಟಾತೋ?" ಎಂದೆ.

"ಬಾಯಿಲೆ ಹೇಳಬಾರದ್ರಿ," ಎಂದವನು ನನ್ನ ಕೈಯನ್ನೂ ಟವೆಲ್ಲಿನೊಳಗೆ ಎಳೆದುಕೊಂಡು ನಾಲ್ಕು ಬೆರಳು ಒತ್ತಿದ.

ನಾಲ್ಕು ಏನು? ಮೂವತ್ತೆರಡು ವರ್ಷ ಗಣಿತ ಕಲಿಸಿದವನು ಶಿಷ್ಯನನ್ನು ಕೇಳುವುದೆ? ನಲವತ್ತು ಸಾವಿರವೆಂದು ತಿಳಿದು ಗಂಭೀರವಾಗಿ ತಲೆಯಾಡಿಸಿದೆ. ವ್ಯಾಪಾರ ಕುದುರಿತೆಂದು ಮಾಲೀಕರು ಎಲ್ಲರಿಗೂ ಸಕ್ಕರೆ ಹಂಚಿದರು. ನಾನು ಎಣಿಸಿ ತಂದಿದ್ದುದೂ ಅಷ್ಟೇ; ಆ ಲಕೋಟೆಯನ್ನು ಕೊಟ್ಟೆ.

"ಇದು ಸಂಚಕಾರ, ಮುಂಗಡ ಆತ್ರಿ ಗುರುಗಳ. ಉಳಿದ ಮೂರು ಲಕ್ಷದ ಅರವತ್ತು ಸಾವಿರ ಯಾವಾಗ ಕೊಡ್ತೀರಿ?" ಎಂದರು.

ನಾನು ಸಂಗಪ್ಪನತ್ತ ತಿರುಗಿದೆ. "ಲಕ್ಷ ಅಂತ ಮೊದಲ ಹೇಳಾಕ ಏನಾಗಿತ್ತಲೇ?"

"ಸಾಲ್ಯಾಗ ನೀವ ಹೇಳ್ತಿದ್ರಲ್ರಿ ಸರ, ತಿಳೀಲಿಲ್ಲಂದ್ರ ನಾಚಿಕೋಬ್ಯಾಡ್ರಿ, ಎದ್ದು ನಿಂತು ಕೇಳ್ರಿ ಅಂತ."

ಮಾಲೀಕರು ನಕ್ಕು ಲಕೋಟೆಯನ್ನು ಹಿಂದಿರುಗಿಸಿದರು. ಕಾರು ಇಳಕಲ್ಲಿನಲ್ಲಿಯೇ ಇದೆ. ನಾನು ಬಸ್ಸಿನಲ್ಲಿ ಬಾಗಲಕೋಟೆಗೆ ಮರಳಿದ್ದೇನೆ. ತಿಂದ ಸಕ್ಕರೆಯನ್ನು ಮಾತ್ರ ಅವರು ಹಿಂದಕ್ಕೆ ಕೇಳಲಿಲ್ಲ.